ಗಣಿತ ಅಂದರೆ ತಲೆನೋವು ಅನ್ನುವ ಮಗಳು, ನಿಮ್ಮ ಅನುಭವ ಹೇಳಿ

ಕುಮಟಾದಿಂದ ಬರೆಯುತ್ತಿದ್ದೇನೆ. ಮಗಳು 7ನೇ ಕ್ಲಾಸು. ಐದರ ತನಕ ಲೆಕ್ಕ ಅಂದರೆ ಇಷ್ಟ, ಈಗ ಪುಸ್ತಕ ತೆಗೆದರೆ ತಲೆನೋವು ಅನ್ನುತ್ತಾಳೆ. ಟ್ಯೂಷನ್‌ಗೆ ಹಾಕಿದ ಮೇಲೆ ಇನ್ನೂ ಜಾಸ್ತಿ ಆಯಿತು. ನಿಮಗೆ ಗಣಿತದ ಆಸಕ್ತಿ ಹೋಗಿದ್ದು ಯಾವಾಗ, ಬಂದಿದ್ದು ಹೇಗೆ?

ಶಿರಸಿಯಿಂದ:
ಅಕ್ಕಾ, ನನಗೆ ಹೋದ ದಿನವೇ ನೆನಪಿದೆ. ಆರನೇ ಕ್ಲಾಸಲ್ಲಿ ಬೋರ್ಡಿನ ಮೇಲೆ 1/2 + 1/3 = 2/5 ಅಂತ ಬರೆದೆ. ಮಾಸ್ತರರು ಅದನ್ನು ದೊಡ್ಡದಾಗಿ ಓದಿದರು, ಕ್ಲಾಸೆಲ್ಲ ನಕ್ಕಿತು. ಆಮೇಲೆ ಎರಡು ವರ್ಷ ನಾನು ಕೈ ಎತ್ತಲಿಲ್ಲ. "2/5 ಅರ್ಧಕ್ಕಿಂತ ಕಡಿಮೆ ಅಲ್ವಾ, ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಕಡಿಮೆ ಆಗುತ್ತಾ?" ಅಂತ ಒಂದು ಮಾತು ಕೇಳಿದ್ದರೆ ನನಗೇ ಹೊಳೆಯುತ್ತಿತ್ತು.

ವಾಪಸ್ ಬಂದಿದ್ದು ತೋಟದಲ್ಲಿ. ಅಪ್ಪಯ್ಯ 10 ಗುಂಟೆಗೆ ಅಡಿಕೆ ಸಸಿ ನೆಡುವವರಿದ್ದರು, 9 ಅಡಿಗೊಂದು. ಎಷ್ಟು ಸಸಿ ಬೇಕು ನೋಡು ಅಂದರು. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಒಂದು ಸಸಿಗೆ 81. ಹತ್ತು ಗುಂಟೆಗೆ 134 ಅಂದೆ. ಹಗ್ಗ ಹಿಡಿದು ಗೂಟ ಹೊಡೆದರೆ 118ಕ್ಕೇ ಮುಗಿಯಿತು. ಅಪ್ಪಯ್ಯ ತಪ್ಪು ಅನ್ನಲೇ ಇಲ್ಲ, "ಕಾಲುವೆಗೆ ಎಷ್ಟು ಜಾಗ ಬಿಟ್ಟೆ?" ಅಂದರು ಅಷ್ಟೇ. ಅವತ್ತು ಸಂಜೆ ಕಾಲುವೆ, ಅಂಚು ಎಲ್ಲ ಕಳೆದು ಮತ್ತೆ ಲೆಕ್ಕ ಮಾಡಿದೆ, ಯಾರೂ ಹೇಳದೆ. ಎರಡೂ ಕಡೆ ನಾನು ತಪ್ಪೇ ಮಾಡಿದ್ದೆ, ಒಂದು ಕಡೆ ನಕ್ಕರು, ಇನ್ನೊಂದು ಕಡೆ ಕೇಳಿದರು.

ಕಾರವಾರದಿಂದ, ಹೈಸ್ಕೂಲ್ ಗಣಿತ ಶಿಕ್ಷಕಿ:
ಮೇಲಿನವರು ಹೇಳಿದ್ದು ಕ್ಲಾಸಲ್ಲಿ ದಿನಾ ಕಾಣುತ್ತೇನೆ. ನಮ್ಮಲ್ಲಿ ಮೀನುಗಾರರ ಮನೆಯ ಮಕ್ಕಳು ಜಾಸ್ತಿ. ಗಂಟೆ-ನಿಮಿಷದ ಲೆಕ್ಕ ಕೊಟ್ಟರೆ ತಲೆ ತಗ್ಗಿಸುತ್ತಿದ್ದ ಹುಡುಗ, ಅಮಾವಾಸ್ಯೆಗೆ ಭರತಿ (ಸಮುದ್ರದ ಉಬ್ಬರ) ಬಂದ ಹೊತ್ತಿಗೇ ಸುಮಾರಾಗಿ ಹುಣ್ಣಿಮೆಗೂ ಬರುತ್ತೆ ಟೀಚರ್ ಅಂದ. ಯಾಕೆ ಅಂತ ಕೇಳಿದೆ, ಗೊತ್ತಿಲ್ಲ. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡ ಆಗುತ್ತಾ ಹೋಗುತ್ತದೆ. 15 ದಿನಕ್ಕೆ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ಒಂದು ಭರತಿಗೂ ಇನ್ನೊಂದಕ್ಕೂ ನಡುವೆ ಇರುವುದೂ ಹೆಚ್ಚುಕಡಿಮೆ ಅಷ್ಟೇ, 12 ಗಂಟೆ 25 ನಿಮಿಷ. ಬೆಳಗಿನ ಭರತಿ ಜರುಗಿ ಜರುಗಿ ಸಂಜೆಯದರ ಜಾಗಕ್ಕೆ ಬಂದು ನಿಲ್ಲುತ್ತದೆ! ಅವನೇ ಬೋರ್ಡಿಗೆ ಬಂದು ಬಿಡಿಸಿದ.

ಆದರೆ ಎಲ್ಲರಿಗೂ ಸಮುದ್ರ, ತೋಟವೇ ಬೇಕು ಅಂತಿಲ್ಲ. ಕೆಲವರಿಗೆ ಅಂಕಿಗಳ ಆಟವೇ ಸಾಕು. ನಾಸಿಕ್ ಹತ್ತಿರ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಕಪ್ರೇಕರ್ 1949ರಲ್ಲಿ ಕಂಡುಕೊಂಡಿದ್ದು ಇದು. ನಾಲ್ಕು ಅಂಕಿಯ ಸಂಖ್ಯೆ ತೆಗೆದುಕೊಳ್ಳಿ, ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದಿದ್ದಕ್ಕೆ ಮತ್ತೆ ಹಾಗೇ ಮಾಡಿ, ಮೂರೇ ಅಂಕಿ ಬಂದರೆ ಮುಂದೆ ಒಂದು ಸೊನ್ನೆ ಹಾಕಿಕೊಳ್ಳಿ. 7 ಸಲದೊಳಗೆ 6174 ಬರುತ್ತದೆ. ಬರದೇ ಇರುವ ಸಂಖ್ಯೆಗಳೂ ಕೆಲವು ಇವೆ. ಯಾವುವು ಅಂತ ದಯವಿಟ್ಟು ಮಗಳಿಗೆ ಹೇಳಬೇಡಿ.

ಅಂಕೋಲಾದಿಂದ:
ಒಂದೇ ಮಾತು. "ನನಗೂ ಲೆಕ್ಕ ಬರ್ತಿರಲಿಲ್ಲ" ಅಂತ ಮಗಳೆದುರು ಹೇಳಬೇಡಿ. ಸಮಾಧಾನಕ್ಕೆ ಅಂತ ನಾನು ಹೇಳುತ್ತಿದ್ದೆ. ಮಗ ಅದನ್ನು ಬಿಡುವುದಕ್ಕೆ ಅಪ್ಪಣೆ ಅಂತಲೇ ತಿಳಿದುಕೊಂಡ.

ಕುಮಟಾದಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಟ್ಯೂಷನ್ ಒಂದು ತಿಂಗಳು ನಿಲ್ಲಿಸಿದ್ದೇವೆ. ನಿನ್ನೆ ರಾತ್ರಿ 4831 ಕೊಟ್ಟೆ. 7083, 8352, 6174. ಮೂರೇ ಸಲಕ್ಕೆ ಬಂತು. ಸುಮ್ನೆ ಆಯಿತು ಬಿಡು ಅಂದಳು. ನಾನೂ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕ್ಯಾಲೆಂಡರ್ ಹಾಳೆಯ ಹಿಂದೆ ಪೂರ್ತಿ ಕಳೆಯುವ ಲೆಕ್ಕ. ದೋಸೆ ಹೊಯ್ಯುವಾಗ ಬಂದು, "ಅಮ್ಮಾ, 1111ಕ್ಕೆ ಸೊನ್ನೆ ಆಗ್ತದೆ, 2222ಕ್ಕೂ. 2221ಕ್ಕೆ ಹಾಗಲ್ಲ, ಈಗ ಮಾಡ್ತಿದ್ದೇನೆ, ತಡಿ" ಅಂದಳು.