ವಿಷಯ: ಅಳತೆಗೆ ಸಿಗದ ಮಳೆಗೆ ಏನನ್ನುವುದು? (ನಾಳೆ ಬೆಳಿಗ್ಗೆಗೆ ಬೇಕು)

ನಾಪೋಕ್ಲು ಕಡೆಯಿಂದ:
ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ಅಂಗಳದಲ್ಲಿ ಮಳೆ ಅಳೆದು ಬರೆದಿಡುವುದು ನನ್ನ ಹವ್ಯಾಸ. ಅಜ್ಜ ತೋಟದ ಲೆಕ್ಕಕ್ಕೆ ಶುರು ಮಾಡಿದ್ದರು, ನಾನು ಸುಮ್ನೆ ಖುಷಿಗೆ ಮುಂದುವರಿಸಿದ್ದೇನೆ. ಈಗ ಊರಿನ ಶಾಲೆ ಮಕ್ಕಳೂ ಬರೆಯುತ್ತೇವೆ ಅಂತಿದ್ದಾರೆ. ಗೋಡೆ ಮೇಲೆ ಬೋರ್ಡ್ ಬರೆಸುತ್ತಿದ್ದೇವೆ, ಪೇಂಟರ್ ನಾಳೆ 10 ಗಂಟೆಗೆ ಬರುತ್ತಾನೆ.

ತೊಡಕು ಇಷ್ಟೇ. ಬೆಳಿಗ್ಗೆ 8.30ಕ್ಕೆ ಹೋಗಿ ನೋಡಿದರೆ ಮಳೆ ಅಳೆಯುವ ಪಾತ್ರೆಯ ಕೊಳವೆಬಾಯಿ ಒದ್ದೆ. ಗೆರೆ ಹಾಕಿದ ಅಳತೆ ಗಾಜಿಗೆ ಸುರಿದರೆ ತಳದಲ್ಲಿ ಎರಡು ಹನಿ ಕೂರುತ್ತದೆ, ಮೊದಲ ಗೆರೆ ಮುಟ್ಟುವುದಿಲ್ಲ. ಆ ಗೆರೆ ಒಂದು ಸೆಂಟಿನದು, ಅಂದರೆ ಕಾಲು ಮಿಲಿಮೀಟರ್. ಸೊನ್ನೆ ಬರೆದರೆ ಸುಳ್ಳು, ಒಂದು ಬರೆದರೂ ಸುಳ್ಳು. ಹವಾಮಾನ ಇಲಾಖೆಯವರು ಇದಕ್ಕೆ ‘ಟ್ರೇಸ್’ ಅನ್ನುತ್ತಾರೆ. ಕನ್ನಡದಲ್ಲಿ? ‘ಸುಳಿವು’ ಬೇಡ, ಕಳ್ಳನನ್ನು ಹುಡುಕಿದ ಹಾಗಿರುತ್ತದೆ.

ಮೈಸೂರು:
ಲೇಶ. ಇದರಲ್ಲಿ ಚರ್ಚೆಗೆ ಏನಿದೆ?

ಬೆಂಗಳೂರು:
ಲೇಶ ಯಾರ ಮನೆಯ ಮಾತು? ತುಂತುರು ಹನಿಗೆ ‘ಸೀರ್ಪನಿ’ ಅಂತ ಹಳಗನ್ನಡದಲ್ಲಿ ಚಿನ್ನದಂಥ ಪದ ಇದೆ. ಅದರೊಳಗಿನ ಪನಿಯೇ ಇವತ್ತಿನ ಹನಿ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಿಮ್ಮಲ್ಲಿ ಪುತ್ತರಿ, ನಮ್ಮಲ್ಲಿ ಹುತ್ತರಿ. ಪಕಾರ ಎಲ್ಲಿ ಉಳಿಯಿತು, ಎಲ್ಲಿ ಹಕಾರ ಆಯಿತು ಅಂತ ನೋಡುತ್ತಾ ಹೋದರೆ ರಾತ್ರಿ ಬೆಳಗಾಗುತ್ತದೆ. ಹಾಗೇ, ಬೋರ್ಡಿನಲ್ಲಿ ‘ಮಳೆಮಾಪಕ’ ಅಂತ ಬರೆಸಬೇಡಿ. ‘ಮಳೆಯಳಕ’ ಸಾಕು.

ಸೋಮವಾರಪೇಟೆ:
ಮಳೆಯಳಕ ಅಂದರೆ ನಮ್ಮ ಮಕ್ಕಳು ಮಳೆಗೆ ಅಳುವವನು ಅಂದುಕೊಳ್ಳುತ್ತಾರೆ.

ಸೀರ್ಪನಿ ಚೆನ್ನಾಗಿದೆ, ಆದರೆ ಕೇಳಿದ್ದು ಅದಲ್ಲ. ಸೀರ್ಪನಿ, ಸೋನೆ, ತುಂತುರು, ಜಡಿ ಇವೆಲ್ಲ ಮಳೆ ಬೀಳುವ ಬಗೆ. ಅವರು ಕೇಳಿದ್ದು ಬಿದ್ದದ್ದರ ಲೆಕ್ಕ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ದಿನವಿಡೀ ಸೋನೆ ಹಿಡಿದರೆ 30 ಸೆಂಟ್ ದಾಟಬಹುದು. ಫೆಬ್ರವರಿಯಲ್ಲಿ ದಪ್ಪ ಹನಿ ಪಟಪಟ ಅಂತ ಒಂದು ನಿಮಿಷ ಬಿದ್ದು ನಿಂತರೆ ಗಾಜಿನಲ್ಲಿ ಏನೂ ಇರುವುದಿಲ್ಲ. ಎರಡನೆಯದನ್ನು ಸೀರ್ಪನಿ ಅನ್ನುತ್ತೀರಾ?

ಬೆಂಗಳೂರು:
ಬಗೆ, ಲೆಕ್ಕ ಅಂತ ಬೇಲಿ ಹಾಕಿಯೇ ಕನ್ನಡ ಸೊರಗಿದ್ದು. ಅದಿರಲಿ, ಈ ಸೆಂಟ್ ಏನು? ಪ್ಲಾಂಟರ್ ದೊರೆಗಳು ಹೋಗಿ ಎಷ್ಟು ಕಾಲವಾಯಿತು! ಮಿಲಿಮೀಟರ್ ಬರೆಯಿರಿ.

ವಿರಾಜಪೇಟೆ:
ಮಿಲಿಮೀಟರ್ ಯಾವ ಹಳಗನ್ನಡ ಸಾರ್?

ಇಂಚಿನ ನೂರರಲ್ಲಿ ಒಂದು ಪಾಲು ಸೆಂಟ್. ಕಾಫಿ ಮಾಡುವ ಯಾರನ್ನಾದರೂ ಕೇಳಿ, ‘ಒಂದು ಇಂಚು ಹತ್ತು ಸೆಂಟ್, ಹೂಮಳೆ ಆಯಿತು’ ಅನ್ನುತ್ತಾರೆ. ಹೂಮಳೆ ಕಮ್ಮಿಯಾದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ, ಆಮೇಲೆ ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೆ ಮತ್ತೆ ಕಾಯಬೇಕು. ಇಷ್ಟು ವರ್ಷದ ಡೈರಿಗಳೆಲ್ಲ ಇಂಚಿನಲ್ಲೇ ಇವೆ. ಒಪ್ಪುತ್ತೇನೆ, ಹೊರಗಿನವರಿಗೆ ಗೊಂದಲ ಆಗುತ್ತದೆ. ನಮ್ಮ ಬೀಗರೊಬ್ಬರು 25 ಸೆಂಟ್ ಮಳೆ ಅಂದದ್ದನ್ನು 25 ಸೆಂಟಿಮೀಟರ್ ಅಂತ ತಿಳಿದು ಗಾಬರಿಯಾಗಿ ಫೋನ್ ಮಾಡಿದ್ದರು. ಬಿದ್ದದ್ದು ಆರು ಮಿಲಿಮೀಟರ್ ಚಿಲ್ಲರೆ.

ಮೈಸೂರು:
ಎರವಲು ಅಂತ ಹೆದರುವವರು ಅರ್ಥಶಾಸ್ತ್ರ ತೆರೆದು ನೋಡಲಿ. ಉಗ್ರಾಣದಲ್ಲಿ ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಬಾಯಿಯ ಕುಂಡ ಇಟ್ಟು ಮಳೆ ಅಳೆಯಬೇಕು ಅಂತ ಕೌಟಿಲ್ಯನೇ ಹೇಳಿದ್ದಾನೆ. ಅವನ ಪದ ‘ವರ್ಷಮಾನ’. ಇಂಚೂ ಬೇಡ, ಅಳಕವೂ ಬೇಡ.

ಬೆಂಗಳೂರು:
ವರ್ಷಮಾನ ಅಂದರೆ ಜನ ಪಂಚಾಂಗ ತೆಗೆಯುತ್ತಾರೆ.

ನಾಪೋಕ್ಲು ಕಡೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ನಿಮ್ಮ ಜಗಳ ಓದುತ್ತಾ ರಾತ್ರಿ ಅಜ್ಜನ ಹಳೇ ಪುಸ್ತಕಗಳನ್ನು ಇಳಿಸಿದೆ. ಮೊದಲೇ ನೋಡಬೇಕಿತ್ತು. ಫೆಬ್ರವರಿ, ಮಾರ್ಚ್ ಪುಟಗಳಲ್ಲಿ ಸೊನ್ನೆಗಳ ನಡುವೆ ಅಲ್ಲಲ್ಲಿ ಪೆನ್ಸಿಲಿನಲ್ಲಿ ‘ಹನಿ’ ಅಂತಿದೆ. ಒಂದು ಕಡೆ ‘ಹನಿ ಹಾಕಿತು, ಕಣದ ಕಾಫಿ ರಾಶಿ ಮಾಡಿದ್ದು’ ಅಂತ. ಕೂಡುವಾಗ ಅದನ್ನು ಬಿಟ್ಟಿದ್ದಾರೆ, ಮಳೆ ಇಲ್ಲದ ದಿನ ಎಣಿಸುವಾಗಲೂ ಬಿಟ್ಟಿದ್ದಾರೆ. ಇಲಾಖೆಯ ಟ್ರೇಸ್ ಕೂಡ ಮೊತ್ತಕ್ಕೆ ಸೇರುವುದಿಲ್ಲ ಅಲ್ವಾ?

‘ಹನಿ’ ಅಂತಲೇ ಬರೆಸಿದೆ. ಇಂಚು, ಸೆಂಟ್ ಉಳಿಸಿದ್ದೇನೆ, ಪಕ್ಕದಲ್ಲಿ ಮಿಲಿಮೀಟರಿಗೂ ಒಂದು ಸಾಲು ಇದೆ. ಪೇಂಟರ್ ಸೆಂಟ್ ಬರೆಯುತ್ತಾ, ‘ಶಾಲೆ ಜಾಗ ಎಷ್ಟು ಸೆಂಟ್ ಅಂತ ಹಾಕಲಿಲ್ಲವಲ್ಲ’ ಅಂದ.

ಬೆಂಗಳೂರು:
ಹನಿ ಅಂದರೆ ಇಬ್ಬನಿಯೂ ಸೇರಿತಾ? ಗಾಜಿನಲ್ಲಿ ಇಬ್ಬನಿ ಇಳಿದರೆ ಏನು ಬರೆಯುತ್ತೀರಿ?

ಸೋಮವಾರಪೇಟೆ:
ಅದಕ್ಕೆ ಬೇರೆ ಪತ್ರ ಶುರು ಮಾಡಿ ಸಾರ್.