ಎಂಎಚ್‌ಎ ಓದಿದವರಿಗೆ ಆಸ್ಪತ್ರೆಯಲ್ಲಿ ಏನು ಕೆಲಸ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ದಾವಣಗೆರೆಯವರು. ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾಳೆ. ಈಗ ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತ ಓದುತ್ತೇನೆ ಎನ್ನುತ್ತಾಳೆ. ಎರಡು ವರ್ಷ ಓದಿ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂರೋದಕ್ಕೆ ಇಷ್ಟೆಲ್ಲ ಯಾಕೆ ಅಂತ ಮನೆಯಲ್ಲಿ ಮಾತು. ಅಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ?

ಉತ್ತರ: ನಮಸ್ಕಾರ ಸರ್. ಕೌಂಟರ್‌ನಲ್ಲೂ ಕೆಲವು ದಿನ ಕೂರಲಿ ಬಿಡಿ. ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಅಲ್ಲೇ ಗೊತ್ತಾಗುವುದು.

ಡಿಸ್ಚಾರ್ಜ್ ವಿಷಯವನ್ನೇ ನೋಡಿ. ಬೆಳಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ "ಇವತ್ತು ಮನೆಗೆ ಹೋಗಿ" ಎನ್ನುತ್ತಾರೆ. ಜಗಳೂರು ಕಡೆಯಿಂದ ಬಂದವರು ಬ್ಯಾಗ್ ಕಟ್ಟಿಕೊಂಡು ಕೂರುತ್ತಾರೆ. ಹೊರಡುವಷ್ಟರಲ್ಲಿ ಸಂಜೆ, ಬಸ್ಸಿನ ಚಿಂತೆ ಬೇರೆ. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಿರುವುದಿಲ್ಲ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿರುವುದಿಲ್ಲ, ಅದು ಹೋಗದೆ ಬಿಲ್ ಮುಗಿಯುವುದಿಲ್ಲ. ಇನ್ಶೂರೆನ್ಸ್ ಇದ್ದರೆ ಅವರ ಕೊನೆಯ ಒಪ್ಪಿಗೆಗೂ ಕಾಯಬೇಕು. ಫೈಲ್ ಪ್ರತಿ ಟೇಬಲ್‌ಗೆ ಬಂದ ಹೊತ್ತು, ಹೋದ ಹೊತ್ತು ಬರೆದುಕೊಂಡು ಎಲ್ಲಿ ನಿಂತಿದೆ ಅಂತ ಹಿಡಿಯುವುದನ್ನು ಈ ಕೋರ್ಸ್ ಕಲಿಸುತ್ತದೆ. ಆಮೇಲೆ ಸಿಬ್ಬಂದಿಯನ್ನು ಸುಮ್ನೆ ಬೈದರೆ ಆಗುವುದಿಲ್ಲ. ಸಮ್ಮರಿಯ ಕರಡು ಹಿಂದಿನ ಸಂಜೆಯೇ ಸಿದ್ಧವಾಗಲಿ ಅಂತ ಡಾಕ್ಟರನ್ನು ಒಪ್ಪಿಸಬೇಕು. ಹಾಗೆ ಒಪ್ಪಿಸುವುದೂ ದೊಡ್ಡ ಕಲಿಕೆಯೇ.

ಸ್ಟೋರ್ ಲೆಕ್ಕವೂ ಅಷ್ಟೇ ಮುಖ್ಯ. ಅಡ್ರಿನಲಿನ್ ಇಂಜೆಕ್ಷನ್ ಅಗ್ಗದ್ದು. ಆದರೆ ತುರ್ತಿನಲ್ಲಿ ಅದಿಲ್ಲದಿದ್ದರೆ ಜೀವವೇ ಹೋಗಬಹುದು. ಯಾವುದಕ್ಕೆ ಹೆಚ್ಚು ದುಡ್ಡು ಹೋಗುತ್ತದೆ ಅಂತ ವಿಂಗಡಿಸಲು ಎಬಿಸಿ, ಯಾವುದು ಇಲ್ಲದೆ ನಡೆಯುವುದೇ ಇಲ್ಲ ಅಂತ ವಿಂಗಡಿಸಲು ವಿಇಡಿ ಎಂಬ ಕ್ರಮಗಳಿವೆ.

ಕಾನೂನೂ ಬರುತ್ತದೆ. ಆಸ್ಪತ್ರೆ ತ್ಯಾಜ್ಯದ 2016ರ ನಿಯಮದ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು ನಿಮ್ಮ ಮಗಳಿಗೆ ಈಗಾಗಲೇ ಗೊತ್ತಿರುತ್ತವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅದರ ಕಾಗದಪತ್ರ ಸರಿಯಿಲ್ಲದಿದ್ದರೆ ಆಸ್ಪತ್ರೆಗೆ ದುಡ್ಡು ಬರುವುದಿಲ್ಲ, ರೋಗಿಗೂ ಅಲೆದಾಟ.

ಪ್ರಶ್ನೆ: ಅವಳಿಗೆ ಅಕೌಂಟ್ಸ್ ಅಂದ್ರೆ ಭಯ ಮೇಡಂ.

ಉತ್ತರ: ಕೂಡುವುದು, ಶೇಕಡಾ ಹಾಕುವುದು ಬಂದರೆ ಶುರುಮಾಡಲು ಸಾಕು. 200 ಬೆಡ್‌ನಲ್ಲಿ 150 ತುಂಬಿದ್ದರೆ ಶೇ. 75. ಅದು ಯಾರಿಗಾದರೂ ಬರುತ್ತೆ, ಅಲ್ವಾ? ಯಾವ ವಾರ್ಡ್ ಖಾಲಿ, ಯಾಕೆ ಖಾಲಿ ಅನ್ನುವುದು ವಾರ್ಡ್‌ನಲ್ಲಿ ಓಡಾಡಿದ ನರ್ಸ್‌ಗೆ ಬೇಗ ಹೊಳೆಯುತ್ತದೆ. ಅವಳಿಗೆ ಅದೇ ದೊಡ್ಡ ಬಲ. ಸೇರುವ ಮುಂಚೆ ಕಾಲೇಜಿನಲ್ಲಿ ಒಂದು ಮಾತು ಖಂಡಿತ ಕೇಳಿ: ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಯಾವ್ಯಾವ ವಿಭಾಗದಲ್ಲಿ, ಎಷ್ಟು ವಾರ?