ಮೂರು ನೇಮ್‌ಸ್ಪೇಸ್‌ಗಳ ಸ್ಕೀಮಾ: ಇಂಪೋರ್ಟ್ ಮಾಡಿದರೂ ಟೈಪ್ ಸಿಗುತ್ತಿಲ್ಲ

ಪ್ರಶ್ನೆ, ಸಿಂಧನೂರಿನಿಂದ:
ನಮಸ್ಕಾರ. ಇಲ್ಲಿಯ ಒಂದು ರೈಸ್ ಮಿಲ್‌ಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಭತ್ತದ ತೂಕದ ಚೀಟಿ, ರೈತರ ಹಣದ ಪಟ್ಟಿ ಎರಡೂ ಎಕ್ಸ್‌ಎಂಎಲ್‌ನಲ್ಲಿವೆ (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಬರೆದಿಡುವ ರೀತಿ). ನೇಮ್‌ಸ್ಪೇಸ್ (ಹೆಸರುಗಳು ಬೆರೆಯದಂತೆ ಇಡುವ ಗುಂಪು) ಮೂರು: ಮೂಲ, ತೂಕ, ಹಣ. ಒಂದೊಂದಕ್ಕೂ ಒಂದು ಎಕ್ಸ್‌ಎಸ್‌ಡಿ ಫೈಲ್, ಅಂದರೆ ಎಕ್ಸ್‌ಎಂಎಲ್ ಹೇಗಿರಬೇಕೆಂಬ ನಿಯಮ ಬರೆದ ಸ್ಕೀಮಾ. 75 ಕೆಜಿ ಚೀಲ, ತಳಿ ಇಂಥ ಟೈಪ್‌ಗಳೆಲ್ಲ ಮೂಲದಲ್ಲಿವೆ. ತೂಕ ಫೈಲ್ ಮೂಲವನ್ನು ಇಂಪೋರ್ಟ್ ಮಾಡುತ್ತದೆ, ಹಣ ಫೈಲ್ ತೂಕವನ್ನು. ಹಣದಲ್ಲಿ ಮೂಲ:ಚೀಲ ಅಂತ ಬರೆದ ಕೂಡಲೇ ಜರ್ಸೀಸ್ (ಎಕ್ಸ್‌ಎಂಎಲ್ ಪರೀಕ್ಷಿಸುವ ಸಾಫ್ಟ್‌ವೇರ್) 'ಎಸ್‌ಆರ್‌ಸಿ-ರಿಸಾಲ್ವ್ 4.2' ಎರರ್ ಕೊಡುತ್ತದೆ, ಆ ಟೈಪ್ ಈ ಫೈಲ್‌ಗೆ ಸಿಗುತ್ತಿಲ್ಲ ಅಂತ. ಹೆಸರಿನ ಮುಂದಿನ 'ಮೂಲ:' ಪ್ರಿಫಿಕ್ಸ್ ಸರಿಯಾಗೇ ಇದೆ. ಎರಡು ದಿನ ಇದರಲ್ಲೇ ಹೋಯಿತು. ಸುಗ್ಗಿ ಬೇರೆ ಹತ್ತಿರ ಬಂತು.

ಉತ್ತರ, ಗಂಗಾವತಿಯಿಂದ:
ಇದರಲ್ಲಿ ನಾನೂ ಸಿಕ್ಕಿಕೊಂಡಿದ್ದೆ. ಪ್ರಿಫಿಕ್ಸ್ ಬರೆದರೆ ನೇಮ್‌ಸ್ಪೇಸ್‌ಗೆ ಒಂದು ಅಡ್ಡಹೆಸರು ಸಿಗುತ್ತದೆ, ಅಷ್ಟೇ. ಅದರೊಳಗಿನ ಟೈಪ್ ಬಳಸಬೇಕಾದರೆ ಇಂಪೋರ್ಟ್ ಬೇಕು, ಅದೂ ಬಳಸುವ ಫೈಲ್‌ನಲ್ಲೇ. ತೂಕ ಫೈಲ್ ಮಾಡಿದ ಇಂಪೋರ್ಟ್ ಹಣದ ಫೈಲ್‌ಗೆ ದಾಟಿ ಬರುವುದಿಲ್ಲ. ಹಣದಲ್ಲೂ ಮೂಲಕ್ಕೆ ಒಂದು ಇಂಪೋರ್ಟ್ ಹಾಕಿ. ಟೈಪ್, ಎಲಿಮೆಂಟ್‌ಗಳು ಶುರುವಾಗುವ ಮೊದಲೇ ಅದು ಬರಬೇಕು, ಕೆಳಗೆ ಇಟ್ಟರೆ ಸ್ಕೀಮಾವೇ ತಪ್ಪಾಗುತ್ತದೆ.

ಬಳ್ಳಾರಿಯಿಂದ:
ಮೂಲದ ಟಾರ್ಗೆಟ್ ನೇಮ್‌ಸ್ಪೇಸ್ (ಫೈಲ್ ತನ್ನದೆಂದು ಹೇಳುವ ನೇಮ್‌ಸ್ಪೇಸ್) ತೆಗೆದುಬಿಟ್ಟು ಎರಡೂ ಕಡೆ ಇನ್‌ಕ್ಲೂಡ್ ಮಾಡಿದರೆ ಸುಲಭ ಅಲ್ವಾ?

ಗಂಗಾವತಿಯಿಂದ:
ಬೇಡ ಸರ್. ಇನ್‌ಕ್ಲೂಡ್ ಆದಾಗ ನೇಮ್‌ಸ್ಪೇಸ್ ಇಲ್ಲದ ಫೈಲ್ ಕರೆದವರ ನೇಮ್‌ಸ್ಪೇಸ್‌ಗೆ ಸೇರಿಕೊಳ್ಳುತ್ತದೆ. ಆಗ ತೂಕದ ಚೀಲ ಬೇರೆ ಟೈಪ್, ಹಣದ ಚೀಲ ಬೇರೆ ಟೈಪ್. ರೈತರಿಗೆ ದುಡ್ಡು ಕೊಡುವ ಲೆಕ್ಕದಲ್ಲಿ ಚೀಲ ಅಂದರೆ ಎಲ್ಲೆಡೆ ಒಂದೇ ಇರಬೇಕು. ಒಂದು ಇಂಪೋರ್ಟ್ ಸಾಲು ಜಾಸ್ತಿ ಆದರೂ ಪರವಾಗಿಲ್ಲ.

ಸಿಂಧನೂರಿನಿಂದ:
ಅಣ್ಣಾ, ಆ ಎರರ್ ಹೋಯಿತು! ಆದರೆ ಈಗ ಚೀಟಿಯನ್ನೇ ಒಪ್ಪುತ್ತಿಲ್ಲ. 'ತೇವ' ಎಲಿಮೆಂಟ್ ಹತ್ತಿರ 'ಸಿವಿಸಿ-ಕಾಂಪ್ಲೆಕ್ಸ್-ಟೈಪ್ 2.4.ಎ' ಅನ್ನುತ್ತದೆ, ಅಂದರೆ ಆ ಎಲಿಮೆಂಟ್ ಅಲ್ಲಿ ಬರಬಾರದು ಅಂತ.

<ತೂಕ:ಚೀಟಿ ಸಂಖ್ಯೆ="112">
  <ತೂಕ:ತೇವ>17</ತೂಕ:ತೇವ>
</ತೂಕ:ಚೀಟಿ>

ಗಂಗಾವತಿಯಿಂದ:
ಚೀಟಿ ಸರಿಯಾಗೇ ಇದೆ. ತೂಕ ಫೈಲ್‌ನ ಮೊದಲ ಟ್ಯಾಗ್‌ನಲ್ಲಿ ಎಲಿಮೆಂಟ್ ಫಾರ್ಮ್ ಡಿಫಾಲ್ಟ್ ಇದೆಯಾ ನೋಡಿ. ಅದನ್ನು ಬರೆಯದಿದ್ದರೆ 'ಅನ್‌ಕ್ವಾಲಿಫೈಡ್' ಅಂತಲೇ ಲೆಕ್ಕ. ಆಗ ಚೀಟಿಯೊಳಗಿನ ತೇವಕ್ಕೆ ಯಾವ ನೇಮ್‌ಸ್ಪೇಸೂ ಇರುವುದಿಲ್ಲ, ನೀವು ಪ್ರಿಫಿಕ್ಸ್ ಹಾಕಿದರೆ ತಪ್ಪು ಅನ್ನುತ್ತದೆ. 'ಕ್ವಾಲಿಫೈಡ್' ಮಾಡಿ. ಆ ಸೆಟ್ಟಿಂಗ್ ಆಯಾ ಫೈಲ್‌ಗೆ ಮಾತ್ರ, ಹಾಗಾಗಿ ಮೂರರಲ್ಲೂ ಬರೆಯಿರಿ. 'ಸಂಖ್ಯೆ' ಆಟ್ರಿಬ್ಯೂಟ್‌ಗೆ ಮಾತ್ರ ಪ್ರಿಫಿಕ್ಸ್ ಹಾಕಬೇಡಿ, ಅದು ಹೀಗೇ ಸರಿ.

ಸಿಂಧನೂರಿನಿಂದ:
ಮೂಲ, ಹಣ ಎರಡರಲ್ಲೂ ಇತ್ತು, ತೂಕದಲ್ಲಿ ಮಾತ್ರ ಬಿಟ್ಟುಹೋಗಿತ್ತು. ಹಾಕಿದೆ. ನಿನ್ನೆಯ ಚೀಟಿಗಳೆಲ್ಲ ಪಾಸಾದವು. ತುಂಬಾ ಉಪಕಾರವಾಯಿತು ಅಣ್ಣಾ.